ಬಿಬಿಎಯೋ, ಬೆಂಗಳೂರೋ? ಒಂದು ಆಪ್ತಸಲಹೆ ಪ್ರಕರಣ

ಚೈತ್ರಾಗೆ 18 ವರ್ಷ. (ಹೆಸರು, ಊರು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದೆ, ಹಣದ ಮತ್ತು ಕಾಲೇಜುಗಳ ಅಂಕಿಗಳನ್ನು ದುಂಡಾಗಿಸಿದೆ.) ದಾವಣಗೆರೆ ಕಡೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮನೆ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ಕಾಮರ್ಸ್. ದ್ವಿತೀಯ ಪಿಯುಸಿಯಲ್ಲಿ 91 ಪರ್ಸೆಂಟ್, ಅಕೌಂಟೆನ್ಸಿಯಲ್ಲಿ 97 ಅಂಕ. ತಂದೆಯದು ಸಿಮೆಂಟು, ಕಬ್ಬಿಣದ ಅಂಗಡಿ. ಐಟಿ ರಿಟರ್ನಿನ ಪ್ರಕಾರ ವರ್ಷದ ಆದಾಯ ಸುಮಾರು 7 ಲಕ್ಷ. ತಮ್ಮ ಒಂಬತ್ತನೇ ತರಗತಿ.

ಮನೆಯವರು ನಮ್ಮ ಬಳಿ ಆಪ್ತಸಲಹೆಗೆ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಚೈತ್ರಾಗೆ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಬಿಬಿಎ ಬೇಕು, ಅದರಲ್ಲೂ ಬಿಸಿನೆಸ್ ಅನಾಲಿಟಿಕ್ಸ್ (ವ್ಯಾಪಾರದ ಅಂಕಿಅಂಶಗಳ ವಿಶ್ಲೇಷಣೆ). ತಂದೆಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಕಾಂ. ಸಾಕು. ಎರಡು ತಿಂಗಳಿಂದ ಅಪ್ಪ ಮಗಳ ನಡುವೆ ಸರಿಯಾಗಿ ಮಾತಿಲ್ಲ. ನಡುವೆ ಸಿಕ್ಕಿಕೊಂಡ ತಾಯಿಯೇ ಇಬ್ಬರನ್ನೂ ಹೊರಡಿಸಿಕೊಂಡು ಬಂದಿದ್ದರು.

ಫಲಿತಾಂಶಕ್ಕೂ ಮುಂಚೆಯೇ, ಫೆಬ್ರವರಿಯಲ್ಲಿ, 25,000 ರೂಪಾಯಿ ‘ಸೀಟ್ ಬ್ಲಾಕಿಂಗ್’ ಹಣ ಹೋಗಿತ್ತು. ಹೋದದ್ದು ವಿಶ್ವವಿದ್ಯಾಲಯದ ಖಾತೆಗಲ್ಲ, ಅಡ್ಮಿಷನ್ ಏಜೆಂಟರ ಸ್ವಂತ ಫೋನ್‌ಪೇ ನಂಬರಿಗೆ. ರಸೀದಿಯ ಬದಲು ಒಂದು ವಾಟ್ಸಾಪ್ ಸಂದೇಶ ಬಂದಿತ್ತು.

ಮೂರು ಭೇಟಿಗಳಾದವು: ಒಂದು ಎಲ್ಲರ ಜೊತೆ, ಒಂದು ಚೈತ್ರಾ ಒಬ್ಬಳ ಜೊತೆ, ಕೊನೆಯದು ಮತ್ತೆ ಎಲ್ಲರ ಜೊತೆ.

ಮೊದಲ ದಿನ ಕೇಳಿದ್ದು ಪ್ಲೇಸ್‌ಮೆಂಟ್ ಮಾತು ಮಾತ್ರ. “95 ಪರ್ಸೆಂಟ್ ಪ್ಲೇಸ್‌ಮೆಂಟ್ ಇದೆ ಮೇಡಂ, ಹೈಯೆಸ್ಟ್ ಪ್ಯಾಕೇಜ್ 14 ಲಕ್ಷ” ಎಂದು ಚೈತ್ರಾ ಬ್ರೋಷರ್ ಬಿಡಿಸಿಟ್ಟಳು. “ನಾಲ್ಕು ಗೋಡೆಗೆ ಅಷ್ಟು ದುಡ್ಡು ಕೊಡಬೇಕಾ? ಬಿ.ಕಾಂ. ಎಲ್ಲಿ ಓದಿದರೂ ಬಿ.ಕಾಮೇ” ಎಂದರು ತಂದೆ. ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ. ಆಕೆಯ ಮಾತಿನಲ್ಲಿ ಕೋರ್ಸು, ಕಾಲೇಜು, ಊರು ಮೂರೂ ಒಂದೇ ಗಂಟಾಗಿದ್ದವು. ಅವರ ‘ಬೇಡ’ ಆ ಗಂಟಿನ ಯಾವ ತುದಿಗೆ ಎಂಬುದು ಅವರಿಗೇ ಸ್ಪಷ್ಟವಿರಲಿಲ್ಲ.

ಒಬ್ಬಳೇ ಕೂತಾಗ ಬಿಬಿಎಯ ಮೂರು ವರ್ಷದಲ್ಲಿ ಏನೇನು ಓದಬೇಕು ಎಂದು ಕೇಳಿದೆವು. ಎರಡು ವಿಷಯ ಹೇಳಿ ನಿಂತಳು. ಒಂಬತ್ತನೇ ತರಗತಿಯಿಂದ ಅಂಗಡಿಯ ಟ್ಯಾಲಿ ಎಂಟ್ರಿ ಅವಳದೇ. ಜಿಎಸ್‌ಟಿ ಆಡಿಟರಿಗೆ ತಿಂಗಳ ಬಿಲ್ಲು ಹೊಂದಿಸಿ ಕಳಿಸುವುದೂ ಅವಳೇ. ಆ ಕೆಲಸ ಇಷ್ಟ, ಆದರೆ ಸಂಜೆ ಆರರಿಂದ ಒಂಬತ್ತರವರೆಗೆ ದಿನವೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಸಾಕಾಗಿದೆ. “ಹಾಸ್ಟೆಲಿನಲ್ಲಿ ಇರಬೇಕು ಅಂತ ಆಸೆ. ಹಾಗಂತ ಅಪ್ಪಾಜಿ ಹತ್ತಿರ ಹೇಳೋಕೆ ಆಗುತ್ತಾ?” ಎಂದಳು. ಇನ್ನೊಂದು ವಿಷಯ ಬಾಯಿಬಿಡಲು ಇನ್ನೂ ಹೊತ್ತಾಯಿತು: ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಮಾತಾಡುವುದೆಂದರೆ ಭಯ.

ಹದಿನೆಂಟರ ಮಗಳಿಗೆ ಮನೆಯಿಂದ ಹೊರಗೆ ಇರಬೇಕೆನಿಸುವುದು ತಪ್ಪಲ್ಲ. ಆ ಆಸೆಯನ್ನು ಬಾಯಿಬಿಟ್ಟು ಹೇಳಲಾಗದೆ ಪ್ಲೇಸ್‌ಮೆಂಟಿನ ಬಟ್ಟೆ ತೊಡಿಸಿದ್ದಳು. ಹಾಗೆ ಮಾಡಿದ್ದರಿಂದ ಬೆಂಗಳೂರಿಗೆ ಹೋಗಲು ವರ್ಷಕ್ಕೆ 3 ಲಕ್ಷದ ಬಿಬಿಎ ಒಂದೇ ದಾರಿ ಎಂಬಂತಾಗಿತ್ತು. ಅವಳ ಒಪ್ಪಿಗೆ ಪಡೆದು ಹಾಸ್ಟೆಲಿನ ಮಾತನ್ನು ಮೂರನೇ ಭೇಟಿಯಲ್ಲಿ ತಂದೆ ತಾಯಿಯ ಮುಂದೆ ಇಟ್ಟೆವು. ಇಂಗ್ಲಿಷಿನ ಮಾತು ಇಡುವುದು ಬೇಡವೆಂದಳು, ಇಡಲಿಲ್ಲ. ತಂದೆ ಬಹಳ ಹೊತ್ತು ಸುಮ್ಮನಿದ್ದು, “ಲೆಕ್ಕ ನೋಡೋರು ಯಾರು ಮತ್ತೆ?” ಎಂದರು. ಅವರ ‘ಬೇಡ’ದೊಳಗೆ ದುಡ್ಡು, ದೂರದ ಜೊತೆಗೆ ಇದೂ ಇತ್ತು. ಮಗಳ ಕೆಲಸಕ್ಕೆ ಬೆಲೆಯಿದೆ ಎಂದು ಮನೆಯಲ್ಲಿ ಮೊದಲ ಸಲ ಯಾರೋ ಹೇಳಿದಂತಾಯಿತು.

ಇನ್ನು ಕೊಟ್ಟ ಸಲಹೆ.

ಮೊದಲು ಮೂರು ವರ್ಷದಾಚೆ ಏನು ಎಂಬುದನ್ನು ನೋಡಬೇಕು. ಚೈತ್ರಾ ಎಂಬಿಎ ಎನ್ನುತ್ತಿದ್ದಳು, ಸಿಎ ಬಗ್ಗೆಯೂ ಅರೆಮನಸ್ಸು. ಎಂಬಿಎಗೆ ಬಿಬಿಎಯೇ ಆಗಬೇಕೆಂದಿಲ್ಲ. ಐಐಎಂಗಳ ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆಯಲು ಯಾವುದೇ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟ್ ಸಾಕು. ರಾಜ್ಯದ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪ್ರವೇಶ ಪರೀಕ್ಷೆ ಪಿಜಿಸಿಇಟಿಗೂ ಬಿ.ಕಾಂ. ನಡೆಯುತ್ತದೆ. ಬ್ಯಾಂಕಿನ ಪರೀಕ್ಷೆಗಳಿಗೂ ಯಾವ ಪದವಿಯಾದರೂ ಆದೀತು. ಸಿಎಗೆ ಪಿಯುಸಿ ನಂತರ ಮೊದಲ ಹಂತದ ಫೌಂಡೇಶನ್ ಬರೆಯಬಹುದು: ನಾಲ್ಕು ಪೇಪರ್, ಪ್ರತಿಯೊಂದರಲ್ಲೂ 40, ಒಟ್ಟಿನಲ್ಲಿ 50 ಪರ್ಸೆಂಟ್. ಇಲ್ಲವೇ ಪದವಿಯಲ್ಲಿ 55 ಪರ್ಸೆಂಟ್ ಪಡೆದ ಕಾಮರ್ಸ್ ಪದವೀಧರರು ನೇರವಾಗಿ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಅಕೌಂಟ್ಸ್ ಕೈಗೆ ಹತ್ತಿದ, ಮುಂದಿನ ದಾರಿ ಇನ್ನೂ ಗಟ್ಟಿಯಾಗದ ಹುಡುಗಿಗೆ ಬಿ.ಕಾಂ. ಹೆಚ್ಚು ಬಾಗಿಲು ತೆರೆದಿಡುತ್ತದೆ ಎಂಬುದು ನಮ್ಮ ಅಭಿಪ್ರಾಯವಾಗಿತ್ತು. ಮಾರ್ಕೆಟಿಂಗ್, ಎಚ್‌ಆರ್ ಕಡೆ ಒಲವಿದ್ದು ಗುಂಪಿನಲ್ಲಿ ಪ್ರಾಜೆಕ್ಟ್ ಮಾಡುವುದು ಇಷ್ಟವಿದ್ದವರಿಗೆ ಇದೇ ಮಾತು ಹೇಳುತ್ತಿರಲಿಲ್ಲ.

ಎರಡನೆಯದು ಪಠ್ಯಕ್ರಮ. ಕೋರ್ಸಿನ ಹೆಸರಿನಲ್ಲಿರುವ ‘ಅನಾಲಿಟಿಕ್ಸ್’ ಆರು ಸೆಮಿಸ್ಟರ್‌ಗಳಲ್ಲಿ ಎಷ್ಟು ಪೇಪರ್ ಎಂದು ಎಣಿಸಿ ಬರಲು ಹೇಳಿದೆವು. ಎಣಿಸಿದಳು: ನಾಲ್ಕು. ಅದರಲ್ಲಿ ಎರಡನ್ನು ಹೊರಗಿನ ತರಬೇತಿ ಕಂಪನಿ ಕಲಿಸುತ್ತದೆ, ಅದಕ್ಕೆ ಬೇರೆ ಶುಲ್ಕ. ಸ್ಟಾಟಿಸ್ಟಿಕ್ಸ್ ಒಂದೇ ಪೇಪರ್. ಅಂಕಿಅಂಶದ ಬುನಾದಿಯಿಲ್ಲದೆ ಸಾಫ್ಟ್‌ವೇರ್ ಗುಂಡಿ ಒತ್ತುವುದನ್ನಷ್ಟೇ ಕಲಿತರೆ ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ‘ಎಸಿಸಿಎ (ಬ್ರಿಟನ್ನಿನ ಅಕೌಂಟೆನ್ಸಿ ಸಂಸ್ಥೆಯ ಅರ್ಹತೆ) ಇಂಟಿಗ್ರೇಟೆಡ್’ ಎಂಬ ಫಲಕಕ್ಕೂ ಇದೇ ಪರೀಕ್ಷೆ: ಎಸಿಸಿಎಯ 13 ಪೇಪರ್‌ಗಳಲ್ಲಿ ಗರಿಷ್ಠ 9ಕ್ಕೆ ವಿನಾಯಿತಿ ಸಿಗಬಹುದು, ಆದರೆ ಅದನ್ನು ಕೊಡುವುದು ಕಾಲೇಜಲ್ಲ, ಆ ಸಂಸ್ಥೆ. ಆ ಕಾಲೇಜಿನ ಆ ಪದವಿಗೆ ಎಷ್ಟು ವಿನಾಯಿತಿ ಎಂದು ಎಸಿಸಿಎ ಜಾಲತಾಣದಲ್ಲೇ ನೋಡಬೇಕು.

ಮಾನ್ಯತೆಯ ವಿಷಯದಲ್ಲಿ ಜನ ಎಡವುವುದು ಎರಡು ಕಡೆ. ಬಿಬಿಎ, ಬಿಸಿಎ, ಬಿಎಂಎಸ್ ಕೋರ್ಸ್‌ಗಳನ್ನು ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) 2024-25ನೇ ಸಾಲಿನಿಂದ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಸಂಯೋಜಿತ (ಅಂದರೆ ವಿಶ್ವವಿದ್ಯಾಲಯವೊಂದರ ಅಡಿಯ) ಕಾಲೇಜಿನ ಬಿಬಿಎಗೆ ಸೇರುವುದಾದರೆ ಆ ಸಾಲಿನ ಅನುಮೋದನೆ ಪತ್ರವನ್ನೇ ಕೇಳಿ. ಎಷ್ಟು ಸೀಟಿಗೆ ಅನುಮತಿ ಎಂಬುದೂ ಅದರಲ್ಲಿರುತ್ತದೆ. ಬಿ.ಕಾಂ.ಗೆ ಇದು ಅನ್ವಯಿಸದು. ಇನ್ನೊಂದು, ಗುಣಮಟ್ಟ ಅಳೆಯುವ ಸಂಸ್ಥೆಯಾದ ನ್ಯಾಕ್ ಕೊಡುವ ಗ್ರೇಡ್: ವಿಶ್ವವಿದ್ಯಾಲಯಕ್ಕೆ ಸಿಕ್ಕ ಗ್ರೇಡು ಅದರಡಿಯ ಕಾಲೇಜುಗಳಿಗೆ ಬರುವುದಿಲ್ಲ, ಅವಧಿಯೂ ನೋಡಬೇಕು. ಎ++ ಎಂದರೆ 4ಕ್ಕೆ 3.51 ಮತ್ತು ಮೇಲೆ, ಎ ಎಂದರೆ 3.01ರಿಂದ 3.25.

ಓದಿನ ಅವಧಿಯನ್ನೂ ಕೇಳಬೇಕು. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಕೆಲವು ಖಾಸಗಿ, ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ನಡೆಯುತ್ತಿದೆ, ಮೂರಕ್ಕೆ ಹೊರಬರಬಹುದು. ಒಟ್ಟು ಶುಲ್ಕ ಎಂದು ಹೇಳಿದ್ದು ಮೂರರದೋ ನಾಲ್ಕರದೋ ಎಂದು ಬರಹದಲ್ಲಿ ಪಡೆಯಿರಿ.

ಈ ಪ್ರಕರಣದಲ್ಲಿ ಮನಸ್ಸು ಬದಲಿಸಿದ್ದು ಒಂದು ಪಿಡಿಎಫ್. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಸಂಸ್ಥೆ ತಾನು ಸಲ್ಲಿಸಿದ ಮಾಹಿತಿಯನ್ನು ತನ್ನ ಜಾಲತಾಣದಲ್ಲೂ ಹಾಕಿರಬೇಕು. ಮುಖಪುಟದ ಅಡಿಯಲ್ಲಿ ಎಲ್ಲೋ ‘ಎನ್‌ಐಆರ್‌ಎಫ್’ ಎಂಬ ಕೊಂಡಿ ಇರುತ್ತದೆ. ಅದರಲ್ಲಿ ‘ಯುಜಿ 3 ವರ್ಷ’ ಎಂಬ ಕೋಷ್ಟಕ ಹುಡುಕಿ. ಎಂಬಿಎಯದು ‘ಪಿಜಿ 2 ವರ್ಷ’ ಎಂದು ಬೇರೆ ಇರುತ್ತದೆ. ಸೇರಿದವರು, ಅವಧಿಯೊಳಗೆ ಪಾಸಾದವರು, ಕೆಲಸ ಸಿಕ್ಕವರು, ಅವರ ಸಂಬಳದ ಮೀಡಿಯನ್, ಮುಂದೆ ಓದಲು ಹೋದವರು, ಇಷ್ಟೂ ಸಂಖ್ಯೆ ಒಂದೇ ಸಾಲಿನಲ್ಲಿ ಸಿಗುತ್ತವೆ. ಚೈತ್ರಾ ತೆಗೆದು ನೋಡಿದಾಗ ಪಾಸಾದವರು ಸುಮಾರು 400, ಕೆಲಸ ಸಿಕ್ಕವರು 150, ಮುಂದೆ ಓದಲು ಹೋದವರು 90, ಮೀಡಿಯನ್ ವರ್ಷಕ್ಕೆ 3.6 ಲಕ್ಷ. ಬ್ರೋಷರಿನ 95 ಪರ್ಸೆಂಟ್ ಬಂದದ್ದು ಪ್ಲೇಸ್‌ಮೆಂಟ್ ವಿಭಾಗದಲ್ಲಿ ಹೆಸರು ನೋಂದಾಯಿಸಿ ಅರ್ಹರೆನಿಸಿದವರನ್ನು ಮಾತ್ರ ಎಣಿಸಿ. 14 ಲಕ್ಷದ ಪ್ಯಾಕೇಜು ಎಂಬಿಎ ವಿದ್ಯಾರ್ಥಿಯದು. ಮೀಡಿಯನ್ ಎಂದರೆ ಸಂಬಳಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಲ್ಲುವುದು. ಅರ್ಧದಷ್ಟು ಜನಕ್ಕೆ ಅದಕ್ಕಿಂತ ಕಡಿಮೆ. ನೋಡಬೇಕಾದ್ದು ಈ ಸಂಖ್ಯೆ.

ಆಮೇಲೆ ದುಡ್ಡು. ತಂದೆಯ ತಲೆಯಲ್ಲಿದ್ದದ್ದು ‘ವರ್ಷಕ್ಕೆ 3 ಲಕ್ಷ’ ಮಾತ್ರ. ಮೂರು ವರ್ಷದ್ದನ್ನೂ ಒಂದು ಹಾಳೆಯಲ್ಲಿ ಬರೆಸಿದೆವು. ಬೋಧನಾ ಶುಲ್ಕ ಮೊದಲ ವರ್ಷ 3.10 ಲಕ್ಷ, ವರ್ಷಕ್ಕೆ 5 ಪರ್ಸೆಂಟ್ ಏರಿಕೆ ಸೇರಿ ಸುಮಾರು 10 ಲಕ್ಷ. ಹಾಸ್ಟೆಲ್ 1.60 ಲಕ್ಷದಂತೆ 4.80. ಪ್ರವೇಶ ಶುಲ್ಕ, ಸರ್ಟಿಫಿಕೇಟ್ ಕೋರ್ಸ್ ಸೇರಿ 65,000. ಕೈಖರ್ಚು ತಿಂಗಳಿಗೆ 4,000. ಎಲ್ಲ ಸೇರಿ 16.5 ಲಕ್ಷ ದಾಟಿತು. ವರ್ಷಕ್ಕೆ 2 ಲಕ್ಷ ಕೊಡಬಲ್ಲೆ ಎಂದರು ತಂದೆ. ಉಳಿದ 10.5 ಲಕ್ಷ ಸಾಲ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ 7.5 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ, ಅದರಾಚೆ ಕೇಳುತ್ತಾರೆ. ವರ್ಷಕ್ಕೆ 3.5 ಲಕ್ಷದಂತೆ ಪಡೆದು, 10 ಪರ್ಸೆಂಟ್ ಸರಳ ಬಡ್ಡಿ ಎಂದಿಟ್ಟುಕೊಂಡರೆ, ಓದು ಮುಗಿದು ಇನ್ನೊಂದು ವರ್ಷವಾಗುವಾಗ ಬಾಕಿ 13.65 ಲಕ್ಷ. ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 18,000. ಮೀಡಿಯನ್ ಸಂಬಳವೇ ಸಿಕ್ಕಿದರೂ ತಿಂಗಳಿಗೆ 30,000, ಅದೂ ಕಡಿತಗಳಿಗೆ ಮುಂಚೆ. ಚೈತ್ರಾ ಕ್ಯಾಲ್ಕುಲೇಟರ್ ಕೆಳಗಿಟ್ಟಳು. ಬೇಡ ಎಂದು ನಾವು ಹೇಳಬೇಕಾಗಿ ಬರಲಿಲ್ಲ.

ಸೀಟಿನ ಹಣದ ಬಗ್ಗೆ ಒತ್ತಿ ಹೇಳಲೇಬೇಕು. ಖಾಸಗಿಯವರು ಜನವರಿಯಿಂದಲೇ ಪ್ರವೇಶ ಶುರುಮಾಡುತ್ತಾರೆ. ಸರ್ಕಾರಿ ಮತ್ತು ಸಂಯೋಜಿತ ಕಾಲೇಜುಗಳದು ಫಲಿತಾಂಶದ ನಂತರ ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್ ಮೂಲಕ. ಈ ನಡುವಿನ ತಿಂಗಳುಗಳಲ್ಲೇ ‘ಇವತ್ತೇ ಕೊನೆಯ ದಿನ’ ಎಂಬ ಫೋನು ಬರುವುದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆಯಲ್ಲಿ ಸೀಟು ಬಿಟ್ಟವರಿಗೆ ಶುಲ್ಕ ಮರಳಿಸುವ ನಿಯಮವಿದೆ: ಘೋಷಿತ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ, ಆಮೇಲೆ 90, 80, 50 ಪರ್ಸೆಂಟ್ ಎಂದು ಇಳಿಯುತ್ತದೆ, ಕೊನೆಯ ದಿನಾಂಕದಿಂದ 30 ದಿನ ದಾಟಿದರೆ ಏನೂ ಇಲ್ಲ. ಮೂಲ ಅಂಕಪಟ್ಟಿ, ಟಿಸಿಗಳನ್ನು ಸಂಸ್ಥೆ ಹಿಡಿದಿಟ್ಟುಕೊಳ್ಳುವಂತಿಲ್ಲ. ಆದರೆ ಇದೆಲ್ಲ ಸಂಸ್ಥೆಗೆ ಕಟ್ಟಿದ ಹಣಕ್ಕೆ. ಏಜೆಂಟರ ಫೋನಿಗೆ ಹೋದ 25,000ಕ್ಕೆ ಯಾವ ನಿಯಮವೂ ಒದಗಲಿಲ್ಲ. ಲಿಖಿತವಾಗಿ ಕೇಳಿ, ಎರಡು ತಿಂಗಳು ಅಲೆದ ಮೇಲೆ 15,000 ಬಂತು.

ಮೂರನೇ ಆಯ್ಕೆಯೊಂದು ಇದೆಯೆಂದು ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ: ಬೆಂಗಳೂರಿನಲ್ಲೇ ಹಳೆಯ, ಸ್ವಾಯತ್ತ (ಪಠ್ಯ, ಪರೀಕ್ಷೆ ತಾನೇ ನಡೆಸುವ), ಸಂಯೋಜಿತ ಕಾಲೇಜಿನ ಬಿ.ಕಾಂ. ಶುಲ್ಕ ವರ್ಷಕ್ಕೆ 75,000, ಹತ್ತಿರದ ಲೇಡೀಸ್ ಹಾಸ್ಟೆಲ್ ತಿಂಗಳಿಗೆ 9,000. ಮೂರು ವರ್ಷಕ್ಕೆ ಕೈಖರ್ಚೂ ಸೇರಿ ಸುಮಾರು 7 ಲಕ್ಷ. ಅಂಥ ಎರಡು ಕಾಲೇಜು ಗುರುತಿಸಿ, ಪಾಠ ನಡೆಯುವ ದಿನವೇ ಹೋಗಿಬನ್ನಿ ಎಂದೆವು. ಅಡ್ಮಿಷನ್ ಕೌಂಟರಿನಲ್ಲಿ ನಿಲ್ಲಿಸಿರುವ ವಿದ್ಯಾರ್ಥಿಗಳನ್ನು ಬಿಟ್ಟು, ಕ್ಯಾಂಟೀನಿನಲ್ಲಿ ಸಿಗುವ ಎರಡನೇ ವರ್ಷದವರನ್ನು ಮಾತಾಡಿಸಬೇಕು. ಒಂದು ಸೆಕ್ಷನ್ನಿನಲ್ಲಿ ಎಷ್ಟು ಜನ? ಹೋದ ಸೆಮಿಸ್ಟರಿನಲ್ಲಿ ನಡುವೆ ಎಷ್ಟು ಲೆಕ್ಚರರ್ ಬಿಟ್ಟುಹೋದರು? ಇಂಟರ್ನ್‌ಶಿಪ್ ಕಾಲೇಜು ಕೊಡಿಸಿತೋ, ನೀವೇ ಹುಡುಕಿಕೊಂಡಿರೋ? ಕನ್ನಡ ಮಾಧ್ಯಮದಿಂದ ಬಂದವರು ನಿಮ್ಮ ಕ್ಲಾಸಿನಲ್ಲಿದ್ದಾರಾ, ಹೇಗಿದ್ದಾರೆ? ಕೊನೆಯ ಪ್ರಶ್ನೆ ಚೈತ್ರಾಗೆ ಮಾತ್ರ ಬರೆದುಕೊಟ್ಟದ್ದು. ಹಾಸ್ಟೆಲನ್ನು ತಾಯಿ ನೋಡಲಿ ಎಂದೆವು: ರಾತ್ರಿ ವಾರ್ಡನ್ ಅಲ್ಲೇ ಇರುತ್ತಾರಾ, ಗೇಟು ಎಷ್ಟಕ್ಕೆ, ಬೇಸಿಗೆಯಲ್ಲಿ ನೀರು, ಕಾಲೇಜಿಗೆ ನಡೆದು ಎಷ್ಟು ನಿಮಿಷ.

ತಾಯಿ ಒಂದು ಹಾಸ್ಟೆಲನ್ನು ಅಡುಗೆಮನೆ ನೋಡಿಯೇ ಬೇಡವೆಂದರು. ಎರಡನೆಯದು ಒಪ್ಪಿಗೆಯಾಯಿತು. ಒಂದು ಸೆಕ್ಷನ್ನಿಗೆ 70 ಜನ ಇದ್ದದ್ದು ಅಷ್ಟು ಒಳ್ಳೆಯ ಸಂಗತಿಯಲ್ಲ ಎಂದು ನಾವು ಹೇಳಿದೆವು. ಅದನ್ನು ತಿಳಿದೇ ಸೇರಿದರು.

ಅಂಗಡಿಯ ಲೆಕ್ಕಕ್ಕೆ ಪಕ್ಕದ ಬೀದಿಯ ಹುಡುಗನೊಬ್ಬನನ್ನು ತಿಂಗಳಿಗೆ 5,000ಕ್ಕೆ ಇಟ್ಟುಕೊಂಡರು. ಜೂನ್ ತಿಂಗಳಿಡೀ ಚೈತ್ರಾ ಅವನಿಗೆ ಟ್ಯಾಲಿ ಹೇಳಿಕೊಟ್ಟಳು. ತಿಂಗಳಿಗೊಮ್ಮೆ ಊರಿಗೆ ಬರುವುದೆಂದು ಮಾತಾಯಿತು; ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅದಕ್ಕೆ ಖರ್ಚಿಲ್ಲ.

ಮೊದಲ ಸೆಮಿಸ್ಟರಿನ ನಡುವೆ ಒಮ್ಮೆ ಫೋನ್ ಮಾಡಿದಳು. ಮೊದಲ ಪ್ರೆಸೆಂಟೇಶನ್ನಿನಲ್ಲಿ ಮಾತು ತಡವರಿಸಿ ಅರ್ಧಕ್ಕೆ ಕೂತಿದ್ದಳು, ವಾಪಸ್ ಬಂದುಬಿಡುವ ಯೋಚನೆಯಿತ್ತು. ಆಗ ಕೊಟ್ಟ ಸಲಹೆ ಸಣ್ಣದು: ಎರಡು ತಿಂಗಳು ಗುಂಪಿನಲ್ಲಿ ಅಂಕಿ, ಕೋಷ್ಟಕದ ಸ್ಲೈಡ್ ಮಾತ್ರ ತಾನು ವಿವರಿಸುವುದು, ಐದೇ ವಾಕ್ಯ ಮೊದಲೇ ಬರೆದುಕೊಂಡು, ಹಾಸ್ಟೆಲಿನಲ್ಲಿ ರೂಮ್‌ಮೇಟ್ ಎದುರು ಮೂರು ಸಲ ಗಟ್ಟಿಯಾಗಿ ಹೇಳಿ ಹೋಗುವುದು. ಎರಡನೇ ಸೆಮಿಸ್ಟರಿಗೆ ಐದು ಹತ್ತಾಗಿತ್ತು.

ಸಿಎ ಪ್ರಶ್ನೆ ಹಾಗೇ ಉಳಿದಿದೆ. ಸೆಮಿಸ್ಟರ್ ಪರೀಕ್ಷೆಗಳ ನಡುವೆ ಫೌಂಡೇಶನ್ನಿಗೆ ಓದುವುದು ಈಗ ಬೇಡ. ನಾಲ್ಕನೇ ಸೆಮಿಸ್ಟರಿನ ಅಂಕಪಟ್ಟಿ ಬಂದಾಗ, ಪದವಿ ಮುಗಿಸಿ ನೇರ ಇಂಟರ್‌ಮೀಡಿಯೆಟ್ಟೋ ಕ್ಯಾಟೋ ಎಂದು ಮತ್ತೆ ಕೂತು ನೋಡುವುದೆಂದು ಕಡತದಲ್ಲಿ ಬರೆದಿದೆ. ಆ ಭೇಟಿಗೆ ತಂದೆಯೂ ಬರುತ್ತೇನೆಂದಿದ್ದಾರೆ.