ಸಿಂಧನೂರಿನ ಅಣ್ಣನಿಗೆ: ಪೋರ್ಟ್ ಬಂದು ಮಾಯವಾಗುತ್ತಿದ್ದರೆ ಡ್ರೈವರ್ ಹುಡುಕಬೇಡಿ

ಅಣ್ಣ, ನಮಸ್ಕಾರ. ಗದ್ದೆಯ ನೀರಿನ ಮಟ್ಟ ನೋಡಲು ತಂದ ನ್ಯಾನೋ ಬೋರ್ಡು (ಆರ್ಡುಯಿನೋ ಮಾದರಿಯ ಪುಟ್ಟ ಸರ್ಕ್ಯೂಟ್) ಮಗನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ನಿಮ್ಮ ಉಬುಂಟು 22.04 ಲಿನಕ್ಸಿನಲ್ಲಿ ಬೋರ್ಡಿನ ಪೋರ್ಟೇ ಕಾಣುವುದಿಲ್ಲ, ಸಿಎಚ್340 (ಬೋರ್ಡನ್ನು ಯುಎಸ್‌ಬಿಗೆ ಜೋಡಿಸುವ ಚಿಪ್ಪು) ಡ್ರೈವರ್ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಆ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ ಒಳಗೇ ಇದೆ, ಹೆಸರು ಸಿಎಚ್341. ಹೊರಗಿನಿಂದ ಏನೂ ತರಬೇಡಿ.

ಮಗನ ಲ್ಯಾಪ್‌ಟಾಪಿಗೆ ಹಾಕಿದ್ದು ಇದೇ ಕೇಬಲ್ಲಾ? ಬೇರೆಯಾಗಿದ್ದರೆ ಮೊದಲು ಆ ಕೇಬಲ್ಲನ್ನೇ ತಂದು ಹಾಕಿ. ಚಾರ್ಜಿಂಗಿಗೆ ಮಾತ್ರ ಬರುವ ಕೇಬಲ್‌ಗಳಲ್ಲಿ ಡೇಟಾ ತಂತಿ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಅದಕ್ಕೇ ನಾವು ಮೋಸ ಹೋಗುತ್ತೇವೆ. ಗಂಗಾವತಿಯಲ್ಲಿ ನಮ್ಮ ಮೋಟರ್ ರೂಮಿನಲ್ಲಿ ಕೂತು ಇದೇ ಕೇಬಲ್ ದೆಸೆಯಿಂದ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ.

ಕೇಬಲ್ ಸರಿ ಇದ್ದರೆ ಟರ್ಮಿನಲ್ ತೆರೆದು 'ಸುಡೋ ಡಿಎಂಇಎಸ್‌ಜಿ -ಡಬ್ಲ್ಯು' ಕೊಡಿ. (ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ.) ಆಮೇಲೆ ಬೋರ್ಡು ಚುಚ್ಚಿ. ಹೊಸದಾಗಿ ಒಂದು ಸಾಲೂ ಬರಲಿಲ್ಲ ಅಂದರೆ ಕೇಬಲ್, ಪೋರ್ಟ್ ಅಥವಾ ಬೋರ್ಡಿನ ಸಾಕೆಟ್ಟೇ ಹೋಗಿದೆ. ಸಾಲು ಬಂದರೆ ನಿಧಾನಕ್ಕೆ ಓದಿ. ಐಡಿ 1ಎ86, 7523 ಅಂತ ಇರುತ್ತದೆ. ಟಿಟಿವೈಯುಎಸ್‌ಬಿ0 (ಅದೇ ನಿಮ್ಮ ಪೋರ್ಟಿನ ಹೆಸರು) ಸಿಕ್ಕಿತು ಅನ್ನುತ್ತದೆ, ಮರುಕ್ಷಣವೇ ಡಿಸ್‌ಕನೆಕ್ಟ್ ಆಯಿತು ಅನ್ನುತ್ತದೆ. ನಡುವೆ ಬಿಆರ್‌ಎಲ್‌ಟಿಟಿವೈ ಅನ್ನೋ ಹೆಸರು ಇದೆಯಾ ನೋಡಿ. ನೀವು ಹೇಳಿದ ಲಕ್ಷಣಕ್ಕೆ, ಅದರಲ್ಲೂ 22.04ರಲ್ಲಿ, ನನಗೆ ಅದರ ಮೇಲೇ ಅನುಮಾನ.

ಬಿಆರ್‌ಎಲ್‌ಟಿಟಿವೈ ಅಂದರೆ ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಯಂತ್ರವನ್ನು ನಡೆಸುವ ಪ್ರೋಗ್ರಾಮ್. ಅಂಥ ಒಂದು ಯಂತ್ರದ ಐಡಿಯೂ ನಮ್ಮ ಸಿಎಚ್340 ಚಿಪ್ಪಿನ ಐಡಿಯೂ ಒಂದೇ. ಹಾಗಾಗಿ ನಿಮ್ಮ ನ್ಯಾನೋವನ್ನು ಬ್ರೈಲ್ ಯಂತ್ರ ಅಂದುಕೊಂಡು ಅದು ಕರ್ನಲ್ ಕೈಯಿಂದ ಕಿತ್ತುಕೊಳ್ಳುತ್ತದೆ. ಡ್ರೈವರ್ ನೂರು ಸಲ ಹಾಕಿದರೂ ಇದು ಸರಿಹೋಗಲ್ಲ.

ಮನೆಯಲ್ಲಿ ಯಾರೂ ಬ್ರೈಲ್ ಬಳಸದಿದ್ದರೆ 'ಸುಡೋ ಎಪಿಟಿ ರಿಮೂವ್ ಬಿಆರ್‌ಎಲ್‌ಟಿಟಿವೈ' ಕೊಡಿ, ಬೋರ್ಡು ತೆಗೆದು ಮತ್ತೆ ಹಾಕಿ. ಆದರೆ ಬಳಸುವವರು ಇದ್ದರೆ ದಯವಿಟ್ಟು ತೆಗೆಯಬೇಡಿ. ಅವರಿಗೆ ಕಂಪ್ಯೂಟರೇ ಕೈ ತಪ್ಪಿದಂತೆ ಆಗುತ್ತದೆ. ಆಗ /ಯುಎಸ್‌ಆರ್/ಲಿಬ್/ಯುಡೆವ್/ರೂಲ್ಸ್.ಡಿ ಫೋಲ್ಡರಿನಲ್ಲಿರುವ 85-ಬಿಆರ್‌ಎಲ್‌ಟಿಟಿವೈ ರೂಲ್ಸ್ ಫೈಲನ್ನು /ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ ಅದೇ ಹೆಸರಲ್ಲಿ ಕಾಪಿ ಮಾಡಿ. ಕಾಪಿಯಲ್ಲಿ 1ಎ86/7523 ಇರುವ ಸಾಲಿನ ಮುಂದೆ ಒಂದು # ಹಾಕಿ ರೀಸ್ಟಾರ್ಟ್ ಮಾಡಿದರೆ ಸಾಕು. ಮೂಲ ಫೈಲ್ ತಿದ್ದಿದರೆ ಮುಂದಿನ ಅಪ್‌ಡೇಟಿನಲ್ಲಿ ಅಳಿಸಿಹೋಗಬಹುದು.

ಇಷ್ಟಾದ ಮೇಲೆ ಪೋರ್ಟ್ ಕಾಣುತ್ತದೆ, ಅಪ್‌ಲೋಡ್ ಮಾಡಿದರೆ ಮಾತ್ರ 'ಪರ್ಮಿಷನ್ ಡಿನೈಡ್' ಬರಬಹುದು. ಗಾಬರಿ ಬೇಡ, 'ಸುಡೋ ಯೂಸರ್‌ಮಾಡ್ -ಎಜಿ ಡಯಲ್‌ಔಟ್' ಆದ ಮೇಲೆ ನಿಮ್ಮ ಯೂಸರ್ ಹೆಸರು ಸೇರಿಸಿ. ಪೋರ್ಟ್ ಬಳಸಲು ಅನುಮತಿ ಇರುವ ಗುಂಪಿಗೆ ಇದು ನಿಮ್ಮನ್ನು ಸೇರಿಸುತ್ತದೆ. ಎ ಸಣ್ಣದು, ಜಿ ದೊಡ್ಡದು. ಲಾಗ್‌ಔಟ್ ಆಗಿ ಒಳಗೆ ಬಂದರೇನೇ ಇದು ಹತ್ತುವುದು.

ಮುಂದೆ ಕಾಲುವೆ ತೂಬಿನ ಹತ್ತಿರ ಎರಡನೇ ಬೋರ್ಡು ಇಡುತ್ತೀನಿ ಅಂದಿದ್ದಿರಿ. ಎರಡೂ ಒಂದೇ ಲ್ಯಾಪ್‌ಟಾಪಿಗೆ ಹಾಕುವುದಾದರೆ ಟಿಟಿವೈಯುಎಸ್‌ಬಿ0, 1 ಅನ್ನೋ ಹೆಸರು ನಂಬಬೇಡಿ, ಚುಚ್ಚಿದ ಕ್ರಮಕ್ಕೆ ಅದಲುಬದಲಾಗುತ್ತವೆ. ಈ ಅಗ್ಗದ ಚಿಪ್ಪಿನಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರೂ ಇರುವುದಿಲ್ಲ. /ಡೆವ್/ಸೀರಿಯಲ್/ಬೈ-ಪಾತ್ ಫೋಲ್ಡರಿನಲ್ಲಿರುವ ಹೆಸರು ಬಳಸಿ, ಅದು ಯಾವ ಸಾಕೆಟ್ಟು ಅನ್ನೋದರ ಮೇಲೆ ಬರುತ್ತದೆ.

ಬಿಆರ್‌ಎಲ್‌ಟಿಟಿವೈ ಹೆಸರು ಕಾಣದಿದ್ದರೆ ಬೋರ್ಡು ಚುಚ್ಚಿದ ಮೇಲೆ ಬಂದ ಅಷ್ಟೂ ಸಾಲುಗಳ ಫೋಟೋ ಇಲ್ಲೇ ಹಾಕಿ ಅಣ್ಣ, ರಾತ್ರಿ ಊಟ ಆದ ಮೇಲೆ ಕೂತು ನೋಡುತ್ತೇನೆ.