ಇಟಲಿಯ ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ ಸೀರಿ ಎ ತನಕ ಹೇಗೆ ಹೋಗುತ್ತದೆ? ಹಿಂದೆ ದೊಡ್ಡ ಸಾಹುಕಾರ ಇರಲೇಬೇಕಾ?

ಅರ್ಧ ಉತ್ತರವನ್ನು ನೀವೇ ಇಟ್ಟುಕೊಂಡು ಕೇಳಿದ ಹಾಗಿದೆ. ಸಣ್ಣ ಊರಿನ ತಂಡ ಇಟಲಿಯ ಅತಿ ಮೇಲಿನ ಲೀಗ್ ಆದ ಸೀರಿ ಎಗೆ ಬಂದರೆ ಹಿಂದೆ ಯಾರೋ ದುಡ್ಡು ಸುರಿಯುತ್ತಿರಬೇಕು ಅಂತ ನಿಮ್ಮ ಅನುಮಾನ. ಸಸ್ಸುವೋಲೊ ತಂಡ ನೋಡಿದರೆ ಹಾಗನ್ನಿಸುವುದು ಸಹಜ. ಅದರ ಬೆನ್ನಿಗೆ ಮಪೈ ಅನ್ನುವ ದೊಡ್ಡ ಕಂಪನಿ ಇದೆ. ಆದರೆ ನನಗೆ ಹತ್ತಿರದಿಂದ ಗೊತ್ತಿರುವ ಕ್ಲಬ್ ಬೇರೆ. ಅದು ಎಂಪೊಲಿ.

ಕೆಲಸದ ಮೇಲೆ ಎರಡು ವರ್ಷ ಫ್ಲಾರೆನ್ಸ್‌ನಲ್ಲಿದ್ದೆ. ಅಲ್ಲಿಂದ ಪಿಸಾ ಕಡೆ ಹೋಗುವ ಲೋಕಲ್ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಗೆ ಎಂಪೊಲಿ. ಆರ್ನೊ ನದಿಯ ದಂಡೆಯ ಊರು, ಜನಸಂಖ್ಯೆ 50,000 ಕೂಡ ಇಲ್ಲ. ಜಿಲ್ಲಾ ಕೇಂದ್ರವೂ ಅಲ್ಲ. ಒಂದು ಕಾಲದಲ್ಲಿ ಹಸಿರು ಗಾಜಿನ ಸಾಮಾನಿಗೆ ಹೆಸರಾಗಿತ್ತು. ಪ್ರವಾಸಿಗಳು ಇಲ್ಲಿ ಇಳಿಯುವುದೇ ಕಡಿಮೆ, ರೈಲು ಬದಲಿಸಲು ಇಳಿದರೆ ಉಂಟು. ನನ್ನ ಆಫೀಸಿನಲ್ಲಿ ಈ ಊರಿನವರೊಬ್ಬರು ಇದ್ದರು. ಒಂದು ಭಾನುವಾರ ‘ಸುಮ್ನೆ ಬಾ’ ಅಂತ ಮ್ಯಾಚಿಗೆ ಎಳೆದುಕೊಂಡು ಹೋದರು. ಆಮೇಲೆ ನಾನೇ ಹೋಗಲು ಶುರುಮಾಡಿದೆ.

ಮೊದಲ ದಿನ ನಾನು ಕೇಳಿದ್ದು ಸ್ಟೇಡಿಯಂನ ಹೆಸರಿನ ಬಗ್ಗೆ. ಕಾರ್ಲೊ ಕಸ್ಟೆಲ್ಲಾನಿ ಅಂದರೆ ಯಾರೋ ಮಂತ್ರಿಯೋ, ಹಳೆಯ ಅಧ್ಯಕ್ಷರೋ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಅವರು ಈ ತಂಡದ ಆಟಗಾರ.

ಕ್ಲಬ್ ಶುರುವಾದದ್ದು 1920ರಲ್ಲಿ. ಕಸ್ಟೆಲ್ಲಾನಿ ಹುಟ್ಟಿದ್ದು 1909ರಲ್ಲಿ, ಪಕ್ಕದ ಮಾಂಟೆಲುಪೊದಲ್ಲಿ. 1920 ಮತ್ತು 30ರ ದಶಕಗಳಲ್ಲಿ ಎಂಪೊಲಿಗೆ ಆಡಿದರು, ನಡುವೆ ಬೇರೆ ಕ್ಲಬ್‌ಗಳಿಗೂ ಹೋಗಿ ಬಂದರು. ಎಂಪೊಲಿ ಪರ ಅತಿ ಹೆಚ್ಚು ಗೋಲ್ ಹೊಡೆದ ದಾಖಲೆ ಎಷ್ಟೋ ದಶಕ ಅವರ ಹೆಸರಲ್ಲೇ ಇತ್ತು. ಫ್ರಾನ್ಚೆಸ್ಕೊ ಟವಾನೊ ಬಂದು ಮುರಿಯುವ ತನಕ.

1944ರ ಮಾರ್ಚ್. ಜರ್ಮನ್ನರ ಹಿಡಿತದಲ್ಲಿದ್ದ ಇಟಲಿಯಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಅದಕ್ಕೆ ಸೇಡು ಅಂತ ಫ್ಯಾಸಿಸ್ಟರು ಮನೆ ಮನೆಗೆ ನುಗ್ಗಿ ಜನರನ್ನು ಹಿಡಿದರು. ಎಂಪೊಲಿಯ ಗಾಜಿನ ಕಾರ್ಖಾನೆಯ ಕೆಲಸಗಾರರನ್ನೂ ಬಿಡಲಿಲ್ಲ. ಕಸ್ಟೆಲ್ಲಾನಿ ಮನೆಗೆ ಬಂದವರು ಹುಡುಕಿದ್ದು ಅವರ ಅಪ್ಪನನ್ನು. ಅಪ್ಪ ಫ್ಯಾಸಿಸ್ಟರ ವಿರೋಧಿ, ಆ ಹೊತ್ತಿಗೆ ಕಾಯಿಲೆ ಬಿದ್ದಿದ್ದರು. ಅಪ್ಪನ ಬದಲು ಮಗ ಹೊರಟರು. ಏನೋ ವಿಚಾರಣೆ ಮುಗಿಸಿ ಬಿಟ್ಟುಬಿಡುತ್ತಾರೆ ಅಂತ ಅಂದುಕೊಂಡಿರಬಹುದು. ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ನಿಂದ ರೈಲು ಹತ್ತಿಸಿ ಮೌತ್‌ಹೌಸೆನ್ ಎಂಬ ನಾಜಿ ಸೆರೆಶಿಬಿರಕ್ಕೆ ಸಾಗಿಸಿದರು. ಅಲ್ಲಿಂದ ಗೂಸೆನ್ ಶಿಬಿರ. ಅದೇ ವರ್ಷ ಆಗಸ್ಟ್‌ನಲ್ಲಿ ಅಲ್ಲೇ ತೀರಿಕೊಂಡರು. ಆಗ ಅವರಿಗೆ 35 ವರ್ಷ.

ನಾನು ಮ್ಯಾಚಿಗೆ ರೈಲು ಹತ್ತುತ್ತಿದ್ದದ್ದೂ ಅದೇ ಸ್ಟೇಷನ್ನಿನಲ್ಲಿ. ಈ ಕಥೆ ಕೇಳಿದ ಮೇಲೆ ಅಲ್ಲಿನ ಪ್ಲಾಟ್‌ಫಾರ್ಮ್ ಮೊದಲಿನ ಹಾಗೆ ಕಾಣಲಿಲ್ಲ. 2023ರಿಂದ ಸ್ಟೇಡಿಯಂ ಹೆಸರಿನ ಜೊತೆ ಪ್ರಾಯೋಜಕ ಕಂಪನಿಯ ಹೆಸರೂ ಸೇರಿಕೊಂಡಿದೆ. ಆದರೆ ಊರಿನವರ ಬಾಯಲ್ಲಿ ಅದು ಈಗಲೂ ‘ಕಸ್ಟೆಲ್ಲಾನಿ’ ಅಷ್ಟೆ.

ಯುದ್ಧ ಮುಗಿದ ಮೇಲೆ ಹಲವು ದಶಕ ಹೇಳಿಕೊಳ್ಳುವಂಥದ್ದು ಜಾಸ್ತಿ ಇಲ್ಲ. ಹೆಚ್ಚಾಗಿ ಕೆಳಗಿನ ಲೀಗ್‌ಗಳಲ್ಲೇ ಓಡಾಟ. 1986ರಲ್ಲಿ ಮೊದಲ ಸಲ ಸೀರಿ ಎ ಬಾಗಿಲು ತೆರೆಯಿತು, ಅದೂ ಸ್ವಲ್ಪ ವಿಚಿತ್ರವಾಗಿ. ಎರಡನೇ ಹಂತದ ಲೀಗ್ ಆದ ಸೀರಿ ಬಿಯಲ್ಲಿ ಎಂಪೊಲಿಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಮೇಲೆ ಹೋಗುವುದು ಮೂರೇ ತಂಡ. ಅಷ್ಟರಲ್ಲಿ ಬೆಟ್ಟಿಂಗ್ ಹಗರಣದಲ್ಲಿ ಮೂರನೇ ಸ್ಥಾನದ ವಿಚೆಂಜಾ ತಂಡದ ಬಡ್ತಿ ರದ್ದಾಯಿತು, ಆ ಜಾಗ ಎಂಪೊಲಿಗೆ ಬಂತು. ಹೊಸ ತಂಡ ಮೊದಲ ಪಂದ್ಯದಲ್ಲೇ ಇಂಟರ್ ಮಿಲಾನ್ ತಂಡವನ್ನು 1-0 ಅಂತರದಲ್ಲಿ ಸೋಲಿಸಿತು. ಆ ಇಡೀ ಸೀಸನ್‌ನ 30 ಪಂದ್ಯಗಳಲ್ಲಿ ಅವರು ಹೊಡೆದದ್ದು ಬರೀ 13 ಗೋಲ್. ಆದರೂ ಕೆಳಗಿಳಿಯಲಿಲ್ಲ! ಮರುವರ್ಷ ಅದೇ ಹಗರಣದ ಬಿಸಿ ಎಂಪೊಲಿಗೂ ತಟ್ಟಿತು. 5 ಅಂಕ ಕಡಿತದೊಂದಿಗೆ ಸೀಸನ್ ಶುರು, ಕೊನೆಗೆ ಕೆಳಗೆ. ಅದರ ನಂತರ ಮೂರನೇ ಹಂತಕ್ಕೂ ಜಾರಿತು.

ಇನ್ನು ನಿಮ್ಮ ಸಾಹುಕಾರನ ಪ್ರಶ್ನೆ. 1990ರ ದಶಕದ ಆರಂಭದಿಂದ ಕ್ಲಬ್ ಫಾಬ್ರಿಜಿಯೊ ಕೋರ್ಸಿ ಅವರ ಕೈಯಲ್ಲಿದೆ. ಇಟಲಿಯಲ್ಲಿ ಒಬ್ಬ ಅಧ್ಯಕ್ಷ 30 ವರ್ಷಕ್ಕೂ ಹೆಚ್ಚು ಉಳಿಯುವುದು ಅಪರೂಪ. ಕೋರ್ಸಿ ದುಡ್ಡು ಸುರಿದು ಹೆಸರಾದ ಆಟಗಾರರನ್ನು ತಂದವರಲ್ಲ. ಅವರ ದಾರಿಯೇ ಬೇರೆ. ಹುಡುಗರನ್ನು ಚಿಕ್ಕವರಿದ್ದಾಗಲೇ ತರುವುದು, ಬೆಳೆಸುವುದು, ಮೊದಲ ತಂಡದಲ್ಲಿ ಧೈರ್ಯವಾಗಿ ಆಡಿಸುವುದು, ಬೆಲೆ ಬಂದಾಗ ಮಾರುವುದು. ಆ ದುಡ್ಡಿನಲ್ಲಿ ಮತ್ತೆ ಹುಡುಗರು. ಸಸಿ ಮಾಡಿ ಮಾರುವ ನರ್ಸರಿಯವರ ಲೆಕ್ಕಾಚಾರ ಇದ್ದ ಹಾಗೆ. ತೋಟ ಮಾಡುವುದು ಬೇರೆಯವರು, ಹಣ್ಣು ತಿನ್ನುವವರೂ ಬೇರೆಯವರು.

ಹೆಸರು ಹೇಳಿದರೆ ನಿಮಗೇ ಗೊತ್ತಾಗುತ್ತದೆ. ವಿನ್ಚೆಂಜೊ ಮಾಂಟೆಲ್ಲಾ ನೇಪಲ್ಸ್ ಹತ್ತಿರದ ಹುಡುಗ, ಬೆಳೆದದ್ದು ಎಂಪೊಲಿಯಲ್ಲಿ, 2001ರಲ್ಲಿ ಲೀಗ್ ಗೆದ್ದದ್ದು ರೋಮಾ ಜೊತೆ. ಆಂಟೋನಿಯೊ ಡಿ ನಟಾಲೆ ಕೂಡ ನೇಪಲ್ಸ್ ಕಡೆಯವರೇ. ಎಂಪೊಲಿಯಲ್ಲಿ ಕಲಿತು 2004ರಲ್ಲಿ ಉದಿನೀಸೆಗೆ ಹೋದರು. 2010, 2011 ಎರಡು ವರ್ಷವೂ ಸೀರಿ ಎಯಲ್ಲಿ ಅತಿ ಹೆಚ್ಚು ಗೋಲ್ ಅವರದೇ. ಈಚೆಗೆ ಸಾಮುಯೆಲೆ ರಿಚ್ಚಿ, ಅಸ್ಲಾನಿ, ಬಲ್ದಾಂಜಿ. ಈ ಬಲ್ದಾಂಜಿ 2023ರ ಜನವರಿಯಲ್ಲಿ ಸಾನ್ ಸಿರೊ ಮೈದಾನದಲ್ಲಿ ಇಂಟರ್ ವಿರುದ್ಧ ಗೋಲ್ ಹೊಡೆದು 1-0 ಗೆಲುವು ತಂದುಕೊಟ್ಟ. ಒಂದು ವರ್ಷಕ್ಕೆ ರೋಮಾ ಪಾಲಾದ. ‘ಗೋಲ್ ಹೊಡೆದರೆ ಖುಷಿ, ಜಾಸ್ತಿ ಹೊಡೆದರೆ ಭಯ’ ಅಂತಿದ್ದರು ನಮ್ಮ ಆಫೀಸಿನವರು.

ಹುಡುಗರಿಗಿಂತ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಕೋಚ್‌ಗಳ ಕಥೆ. ಲುಚಾನೊ ಸ್ಪಲೆಟ್ಟಿ ಹತ್ತಿರದ ಚೆರ್ತಾಲ್ದೊ ಊರಿನವರು. ಎಂಪೊಲಿಗೆ ಆಡಿ, ಅಲ್ಲೇ ಕೋಚ್ ಆದರು. 1996ರಲ್ಲಿ ಮೂರನೇ ಹಂತದಿಂದ ಎರಡಕ್ಕೆ, 1997ರಲ್ಲಿ ಎರಡರಿಂದ ಸೀರಿ ಎಗೆ, ಎರಡೇ ವರ್ಷದಲ್ಲಿ ಎರಡು ಮೆಟ್ಟಿಲು. ಮುಂದೆ 2023ರಲ್ಲಿ ನಪೊಲಿಗೆ ಲೀಗ್ ಗೆದ್ದುಕೊಟ್ಟವರು ಇವರೇ.

ಮೌರಿತ್ಸಿಯೊ ಸಾರ್ರಿ ಕಥೆ ಇನ್ನೂ ಚೆಂದ. ಬ್ಯಾಂಕ್ ಕೆಲಸದಲ್ಲಿದ್ದವರು. ದೊಡ್ಡ ಮಟ್ಟದಲ್ಲಿ ಆಡಿದವರೇ ಅಲ್ಲ. ಸಣ್ಣ ಸಣ್ಣ ಕ್ಲಬ್‌ಗಳಲ್ಲಿ ವರ್ಷಗಟ್ಟಲೆ ಅಲೆದು, 2012ರಲ್ಲಿ ಎಂಪೊಲಿಗೆ ಬಂದಾಗ ವಯಸ್ಸು 50 ದಾಟಿತ್ತು. ಶುರುವಿನಲ್ಲಿ ಸೋಲಿನ ಮೇಲೆ ಸೋಲು. ಬೇರೆ ಕ್ಲಬ್ ಆಗಿದ್ದರೆ ಒಂದೆರಡು ತಿಂಗಳಲ್ಲಿ ಮನೆಗೆ ಕಳಿಸುತ್ತಿದ್ದರು, ಅಲ್ವಾ? ಇಲ್ಲಿ ಕಳಿಸಲಿಲ್ಲ. ಆ ಸೀಸನ್ ಕೊನೆಗೆ, 2013ರಲ್ಲಿ, ಬಡ್ತಿಯ ಪ್ಲೇಆಫ್ ಫೈನಲ್ ತನಕ ಹೋಗಿ ಲಿವೊರ್ನೊಗೆ ಸೋತರು. ಮರುವರ್ಷ, 2014ರಲ್ಲಿ, ಸೀರಿ ಎಗೆ ಏರಿದರು. ಮುಂದೆ ನಿಂತು ಗೋಲ್ ಹೊಡೆದದ್ದು 35ರ ಆಸುಪಾಸಿನ ಟವಾನೊ ಮತ್ತು ಮಕ್ಕರೋನೆ. ಹಿಂದೆ ಡಿಫೆನ್ಸ್‌ನಲ್ಲಿ ಇಪ್ಪತ್ತರ ಹುಡುಗ ರುಗಾನಿ. ಮರುಸೀಸನ್ ಸೀರಿ ಎಯಲ್ಲಿ ರುಗಾನಿ 38ಕ್ಕೆ 38 ಪಂದ್ಯ ಆಡಿದ, ಒಂದೇ ಒಂದು ಹಳದಿ ಕಾರ್ಡ್ ತಿನ್ನಲಿಲ್ಲ. ಡಿಫೆಂಡರ್ ಆಗಿ! ಸಾರ್ರಿ ಮುಂದೆ ನಪೊಲಿ, ಚೆಲ್ಸೀ, 2020ರಲ್ಲಿ ಯುವೆಂಟಸ್ ಜೊತೆ ಲೀಗ್ ಪಟ್ಟ.

ನನ್ನ ಲೆಕ್ಕದಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಇದೇ. ಎಂಪೊಲಿಗೆ ದುಡ್ಡಿನ ಬಲಕ್ಕಿಂತ ತಾಳ್ಮೆಯ ಬಲ ಜಾಸ್ತಿ. ಇಲ್ಲಿ ಕೆಳಗಿಳಿಯುವುದನ್ನು ಮನೆ ಮುಳುಗಿತು ಅಂತ ಯಾರೂ ನೋಡುವುದಿಲ್ಲ. 2007ರಲ್ಲಿ ಏಳನೇ ಸ್ಥಾನ ಗಳಿಸಿ, ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಎಫಾ ಕಪ್‌ಗೆ ಹೋದರು. ಜ್ಯೂರಿಕ್ ತಂಡವನ್ನು ಮನೆಯಲ್ಲಿ 2-1 ಸೋಲಿಸಿ, ಅಲ್ಲಿ ಹೋಗಿ 3-0 ಸೋತು ಮೊದಲ ಸುತ್ತಲ್ಲೇ ಮನೆಗೆ. ಅದೇ ಸೀಸನ್ ಕೊನೆಗೆ ಸೀರಿ ಎಯಿಂದಲೂ ಔಟ್. ಯುರೋಪಿನಿಂದ ಸೀರಿ ಬಿಗೆ ಒಂದೇ ವರ್ಷ. 2019ರಲ್ಲಿ ಕೊನೆಯ ದಿನ ಸಾನ್ ಸಿರೊದಲ್ಲಿ ಇಂಟರ್‌ಗೆ 2-1 ಸೋತು ಕೆಳಗೆ. 2021ರಲ್ಲಿ ಸೀರಿ ಬಿ ಗೆದ್ದು ಮೇಲೆ. 2024ರಲ್ಲಿ ಕೊನೆಯ ದಿನ ರೋಮಾ ವಿರುದ್ಧ 93ನೇ ನಿಮಿಷಕ್ಕೆ ನಿಯಾಂಗ್ ಗೋಲ್, ಬಚಾವ್. ಅದೇ ಗೋಲ್‌ನಿಂದ ಇನ್ನೊಂದು ಸಣ್ಣ ಊರಿನ ತಂಡ ಫ್ರೋಸಿನೋನೆ ಕೆಳಗೆ ಹೋಯಿತು. ಆ ರಾತ್ರಿ ನಾನು ಇಲ್ಲಿ ಬೆಂಗಳೂರಿನಲ್ಲಿ ಫೋನ್ ಹಿಡಿದು ಕೂತಿದ್ದೆ. ಗೋಲ್ ಆದಾಗ ಹಾಕಿದ ಕೂಗಿಗೆ ಮನೆಯವರೆಲ್ಲ ಎದ್ದರು.

2025 ಮಾತ್ರ ಕೈಕೊಟ್ಟಿತು. ಆ ಸೀಸನ್ ಇಟಲಿಯ ನಾಕೌಟ್ ಟೂರ್ನಿ ಕೊಪ್ಪಾ ಇಟಾಲಿಯಾದಲ್ಲಿ ಫಿಯೊರೆಂಟಿನಾ, ಯುವೆಂಟಸ್ ಎರಡನ್ನೂ ಅವರವರ ಊರಿನಲ್ಲೇ ಪೆನಾಲ್ಟಿ ಶೂಟೌಟ್‌ನಲ್ಲಿ ಹೊರಗೆ ಹಾಕಿ ಸೆಮಿಫೈನಲ್ ತಲುಪಿದ್ದರು. ಆದರೆ ಲೀಗ್‌ನ ಕೊನೆಯ ದಿನ, ಕಸ್ಟೆಲ್ಲಾನಿಯಲ್ಲೇ, ವೆರೋನಾಗೆ 2-1 ಸೋತು ಸೀರಿ ಬಿಗೆ ಇಳಿದರು.

ಸಮಾಧಾನ ಹೇಳೋಣ ಅಂತ ಆಫೀಸಿನ ಆ ಹಳೆಯ ಗೆಳೆಯರಿಗೆ ಮೆಸೇಜ್ ಹಾಕಿದೆ. ಕೆಳಗಿಳಿದದ್ದಕ್ಕೆ ಅವರಿಗೆ ಅಷ್ಟೇನೂ ಬೇಜಾರಿರಲಿಲ್ಲ, ಇದು ಎಷ್ಟನೇ ಸಲವೋ. ಬೇಜಾರಾದದ್ದು ಇನ್ನೊಂದಕ್ಕೆ. ಅದೇ ವರ್ಷ, 34 ವರ್ಷದ ನಂತರ, ಅದೇ ರೈಲು ಮಾರ್ಗದ ಆ ತುದಿಯಲ್ಲಿರುವ ಪಿಸಾ ತಂಡ ಸೀರಿ ಎಗೆ ಹತ್ತಿತ್ತು.