ನಾಯಿ ಡೇಕೇರ್ ಶುರು ಮಾಡುವ ಮೊದಲು

ಹೊರದೇಶಕ್ಕೆ ಬಂದು ಕೆಲವೇ ತಿಂಗಳಾಗಿದೆ, ನಾಯಿಗಳೆಂದರೆ ಪ್ರಾಣ, ಬಾಡಿಗೆ ಮನೆಯ ಹಿಂದೆ ದೊಡ್ಡ ಅಂಗಳ ಇದೆ, ಹಗಲು ಹೊತ್ತು ನಾಯಿ ನೋಡಿಕೊಳ್ಳುವ ಡೇಕೇರ್ ನಡೆಸಿ ಬದುಕಬಹುದಾ ಅಂತ ಕೇಳಿದ್ದೀರಿ. ಖಂಡಿತ ಬದುಕಬಹುದು. ನಾನು ಇಲ್ಲಿ ನೆಲೆ ನಿಂತಿದ್ದೇ ಈ ಕೆಲಸದಿಂದ. ಆದರೆ ಯಾವ ನಾಯಿಗೆ, ಯಾವ ದಿನ "ಆಗುವುದಿಲ್ಲ" ಅನ್ನಬೇಕು ಅನ್ನುವುದು ನಿಮಗೆ ಗೊತ್ತಿರಬೇಕು. ಹೊಸದಾಗಿ ಬಂದವರಿಗೆ ಇದೇ ಕಷ್ಟ. ಗಿರಾಕಿ ಕೈತಪ್ಪಿದರೆ ಬಾಡಿಗೆ ಕಟ್ಟುವುದು ಹೇಗೆ ಅನ್ನುವ ಭಯದಲ್ಲಿ ಬಂದ ನಾಯಿಗಳನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತಾರೆ.

ಮೊದಲು ವೀಸಾ. ಎಷ್ಟೋ ವೀಸಾಗಳಲ್ಲಿ ಸ್ವಂತ ವ್ಯಾಪಾರ ಮಾಡುವ ಹಾಗಿಲ್ಲ, ಪಕ್ಕದ ಮನೆಯವರ ನಾಯಿಯನ್ನು ದುಡ್ಡು ತಗೊಂಡು ನೋಡಿಕೊಂಡರೂ ಅದು ದುಡಿಮೆಯೇ. ಆಮೇಲೆ ಲೈಸೆನ್ಸ್, ಮನೆ ಮಾಲೀಕರ ಒಪ್ಪಿಗೆ, ವಿಮೆ. ನಿಮ್ಮ ವಶದಲ್ಲಿರುವಾಗ ನಾಯಿಗೇ ಗಾಯವಾದರೆ ವಿಮೆ ಅದಕ್ಕೂ ದುಡ್ಡು ಕೊಡುತ್ತದಾ ಅಂತ ಬಿಡಿಸಿ ಕೇಳಿ.

ಹೊಸ ನಾಯಿಯನ್ನು ಮೊದಲ ದಿನವೇ ಗುಂಪಿಗೆ ಬಿಡಬೇಡಿ. ಶಾಂತ ಸ್ವಭಾವದ ಒಂದು ನಾಯಿಯ ಜೊತೆ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಬಾಲ ಆಡಿಸುತ್ತಿದೆ ಅಂದಮಾತ್ರಕ್ಕೆ ಖುಷಿಯಾಗಿದೆ ಅಂತಲ್ಲ. ಮೈ ಬಿಗಿ ಹಿಡಿಯುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಸುಮ್ಸುಮ್ನೆ ತುಟಿ ನೆಕ್ಕಿಕೊಳ್ಳುವುದು, ಬಾಲ ಒಳಗೆ ಸೇರಿಸಿಕೊಂಡು ಮೂಲೆ ಹಿಡಿಯುವುದು, ಇವೆಲ್ಲ ಜಗಳಕ್ಕೆ ಮುಂಚೆಯೇ ಕಾಣುತ್ತವೆ. ಆಗಲೇ ಬೇರೆ ಮಾಡಬೇಕು. ಕಚ್ಚಾಟ ಶುರುವಾದ ಮೇಲೆ ನಡುವೆ ಕೈ ಹಾಕಿ ಕೊರಳಪಟ್ಟಿ ಹಿಡಿದರೆ ಕಡಿತ ನಿಮಗೇ. ಆ ಪಟ್ಟಿಯೂ ಅಪಾಯವೇ. ಆಟದಲ್ಲಿ ಒಂದರ ಹಲ್ಲು ಇನ್ನೊಂದರ ಪಟ್ಟಿಗೆ ಸಿಕ್ಕಿಕೊಂಡು ಉಸಿರು ಕಟ್ಟುತ್ತದೆ, ಅದಕ್ಕೇ ಎಳೆದರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿ ಹಾಕುತ್ತಾರೆ. ಪುಟ್ಟ ನಾಯಿಗಳನ್ನು ದೊಡ್ಡವುಗಳಿಂದ ಬೇರೆ ಇಡಿ. ಗುಂಪಿನ ಹತ್ತಿರ ಯಾವಾಗಲೂ ಒಬ್ಬ ಮನುಷ್ಯ ಇರಲೇಬೇಕು. ಕ್ಯಾಮೆರಾ ಇದೆ ಅಂತ ಅಡುಗೆಮನೆಯಲ್ಲಿ ಕೂತರೆ ಆಗುವುದಿಲ್ಲ.

ದಿನವಿಡೀ ಆಟ ಅಂತ ಜಾಹೀರಾತು ಹಾಕುತ್ತಾರಲ್ಲ, ಅದು ನನಗೆ ಒಂಚೂರೂ ಇಷ್ಟವಿಲ್ಲ. ಬೆಳೆದ ನಾಯಿ ದಿನಕ್ಕೆ ಸುಮಾರು 12 ಗಂಟೆ ನಿದ್ದೆ ಮಾಡುತ್ತದೆ, ಮರಿಗೆ ಇನ್ನೂ ಜಾಸ್ತಿ ಬೇಕು. ನಿದ್ದೆಗೆಟ್ಟ ನಾಯಿ ಚಿಕ್ಕ ಮಗುವಿನ ಹಾಗೆ ಸಿಡುಕುತ್ತದೆ. ಮಧ್ಯಾಹ್ನ ಪ್ರತಿಯೊಂದಕ್ಕೂ ಬೇರೆ ಜಾಗದಲ್ಲಿ ವಿಶ್ರಾಂತಿ ಕೊಡಿ. ಊಟವೂ ಬೇರೆ ಬೇರೆ, ತಿಂದ ತಕ್ಷಣ ಓಟ ಬೇಡ. ಆಳವಾದ ಎದೆಯ ದೊಡ್ಡ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದುಂಟು. ಹೊಟ್ಟೆ ಉಬ್ಬಿದ್ದು, ವಾಂತಿಗೆ ಒದ್ದಾಡಿದರೂ ಏನೂ ಹೊರಗೆ ಬರದಿದ್ದರೆ ಆ ಕ್ಷಣವೇ ಡಾಕ್ಟರ ಹತ್ತಿರ ಓಡಬೇಕು.

ಬಿಸಿಲಿಗೂ ಭಯಪಡಿ. ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ, 41 ದಾಟಿದರೆ ಜೀವಕ್ಕೇ ಅಪಾಯ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಇದು ಬೇಗ ಏರುತ್ತದೆ, ಸೆಕೆಯ ದಿನ ಅವನ್ನು ಹೊರಗೆ ಆಡಿಸಲೇಬೇಡಿ.

ಲಸಿಕೆ ಚೀಟಿ ನೋಡದೆ ಒಂದನ್ನೂ ಸೇರಿಸಬೇಡಿ, ಮಾಲೀಕರು ಎಷ್ಟೇ ಒಳ್ಳೆಯವರಾಗಿರಲಿ. ವಾಂತಿ ಭೇದಿ ತಂದು ಮರಿಗಳ ಜೀವ ತೆಗೆಯುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ನಿಮ್ಮ ಆ ದೊಡ್ಡ ಅಂಗಳಕ್ಕೆ ಒಮ್ಮೆ ಸೇರಿದರೆ ತೊಳೆದು ತೆಗೆಯಲು ಆಗುವುದಿಲ್ಲ. ಒಳಗಿನ ನೆಲದ ಕೊಳೆಯನ್ನು ಮೊದಲು ತೊಳೆದು, ಆಮೇಲೆ ನೀರು ಬೆರೆಸಿದ ಬ್ಲೀಚ್ ಹಾಕಿ 10 ನಿಮಿಷ ಬಿಡಿ. ಕೊಳೆಯ ಮೇಲೆಯೇ ಸುರಿದ ಬ್ಲೀಚ್ ಕೆಲಸ ಮಾಡುವುದಿಲ್ಲ. ಕೆನಲ್ ಕೆಮ್ಮು, ಅಂದರೆ ನಾಯಿಯಿಂದ ನಾಯಿಗೆ ಅಂಟುವ ಕೆಮ್ಮು, ಗಾಳಿಯಲ್ಲೇ ಹರಡುತ್ತದೆ, ಲಸಿಕೆ ಹಾಕಿಸಿದ್ದರೂ ಬರಬಹುದು. ಹಾಗಾಗಿ ಕೆಮ್ಮುವ ನಾಯಿಯನ್ನು ಬಾಗಿಲಿಂದಲೇ ವಾಪಸ್ ಕಳಿಸಿ. ಬಾಗಿಲು ಅಂದರೆ ಎರಡು ಗೇಟು ಇರಲಿ, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯಬೇಕು. ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಬೆಳಗ್ಗೆ ಸಂಜೆಯ ಆ ಗಡಿಬಿಡಿಯಲ್ಲೇ.

ಚಿಕ್ಕ ಗೀರಾದರೂ ಅವತ್ತೇ ಫೋಟೊ ಸಮೇತ ಹೇಳಿಬಿಡಿ. ನಿಮ್ಮ ಭಾಷೆ ತೊದಲುತ್ತದೆ ಅಂತ ಸಂಕೋಚ ಬೇಡ. ಅವರು ಮನೆಯ ಮಗುವನ್ನೇ ಬಿಟ್ಟು ಹೋಗಿರುತ್ತಾರೆ, ಅವರಿಗೆ ಬೇಕಾಗಿರುವುದು ನಿಜ. "ನಿಮ್ಮ ನಾಯಿಗೆ ಗುಂಪು ಇಷ್ಟವಿಲ್ಲ, ಮನೆಗೇ ಬಂದು ವಾಕ್ ಮಾಡಿಸುವವರನ್ನು ನೋಡಿ" ಅಂತ ನೇರವಾಗಿ ಹೇಳಿ ಕಳಿಸಿದವರೇ ನನ್ನ ಹತ್ತಿರ ಬೇರೆಯವರನ್ನು ಕಳಿಸಿದ್ದಾರೆ.

ಈಗಲೇ ಬೇಲಿ ಹಾಕಿಸಲು ಹೋಗಬೇಡಿ. ವೀಸಾದಲ್ಲಿ ಅವಕಾಶ ಇದ್ದರೆ ಮೊದಲು ಬೇರೆಯವರ ಡೇಕೇರಿನಲ್ಲಿ ಕೆಲವು ತಿಂಗಳು ಕೆಲಸ ಮಾಡಿ, ಜೊತೆಗೆ ನಾಯಿಗಳ ಪ್ರಥಮ ಚಿಕಿತ್ಸೆ ಕಲಿಯಿರಿ. ನಿಮ್ಮದು ಯಾವ ವೀಸಾ ಅಂತ ಬರೆಯಿರಿ, ಮುಂದಿನದು ಅದನ್ನು ನೋಡಿ ಹೇಳುತ್ತೇನೆ.